ಅಜ್ಜ ಮುಂಬಯಿಗೆ ಬಂದದ್ದು ಯಾವ ವರ್ಷ?

ಆಗಸ್ಟ್ ತಿಂಗಳ ಒಂದು ಭಾನುವಾರ. ಡೊಂಬಿವಲಿಯಲ್ಲಿ ಬೆಳಗ್ಗೆಯಿಂದ ಜಡಿಮಳೆ. ನಮ್ಮ ಸಂಘದ ಆಫೀಸಿನಲ್ಲಿ ಭಾನುವಾರ ಹತ್ತರಿಂದ ಒಂದರವರೆಗೆ ಕೂತು ಮಕ್ಕಳಿಗೆ ಸ್ಕಾಲರ್‌ಶಿಪ್ ಫಾರಂ ತುಂಬಿಸಿಕೊಡುವುದು ನನ್ನ ಕೆಲಸ. ಅವತ್ತು ಒಬ್ಬ ಹುಡುಗಿ ಅಮ್ಮನ ಜೊತೆ ಬಂದಳು. ಬಿ.ಫಾರ್ಮ್‌ಗೆ ಕ್ಯಾಪ್ ರೌಂಡಿನಲ್ಲಿ, ಅಂದರೆ ಸರ್ಕಾರ ನಡೆಸುವ ಕೇಂದ್ರೀಕೃತ ಪ್ರವೇಶದಲ್ಲಿ, ಓಪನ್ ಸೀಟು ಸಿಕ್ಕಿದೆ. ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರ್, ಅದು ನೆನೆಯದಂತೆ ಮೇಲೊಂದು ಹಾಲಿನ ಚೀಲ. ಒಳಗೆ ಮಾರ್ಕ್ಸ್ ಕಾರ್ಡ್, ಎಲ್‌ಸಿ (ಶಾಲೆ ಬಿಟ್ಟ ಸರ್ಟಿಫಿಕೇಟ್), ರೇಷನ್ ಕಾರ್ಡ್, ಅಪ್ಪನ ಕ್ಯಾಂಟೀನಿನ ಸಂಬಳದ ಚೀಟಿ. ಎಲ್ಲದಕ್ಕೂ ಮೂರು ಮೂರು ಝೆರಾಕ್ಸ್.

"ನಿಮ್ಮ ಅಜ್ಜ ಮುಂಬಯಿಗೆ ಬಂದದ್ದು ಯಾವ ವರ್ಷ?" ಅಂತ ಕೇಳಿದೆ.

ಹುಡುಗಿ ಅಮ್ಮನ ಮುಖ ನೋಡಿದಳು. ಅಮ್ಮ ನನ್ನ ಮುಖ ನೋಡಿದರು. "ಓದುವವಳು ಇವಳಲ್ವಾ ಅಣ್ಣ, ಮಾವನ ಸುದ್ದಿ ಯಾಕೆ?"

ಈ ಪ್ರಶ್ನೆಗೆ ಉತ್ತರ ಕೊಡಲು ಸ್ವಲ್ಪ ಹೊತ್ತು ಬೇಕು. ಮುಂಬಯಿಯಲ್ಲಿ ಕಾಲೇಜು ಮಕ್ಕಳಿಗೆ ನೆರವು ಬೇಕಾದಷ್ಟಿದೆ. ಆದರೆ ಅದರಲ್ಲಿ ಎರಡು ಜಾತಿ. ಒಂದು ನೆರವು "ನೀವು ಯಾವ ರಾಜ್ಯದವರು?" ಅಂತ ಮೊದಲೇ ಕೇಳುತ್ತದೆ. ಇನ್ನೊಂದು ಅದನ್ನು ಕೇಳುವುದೇ ಇಲ್ಲ. ಕಾಲೇಜಿನ ಐಡಿ ಕಾರ್ಡ್ ಕೊರಳಲ್ಲಿದ್ದರೆ ಸಾಕು. ನಮ್ಮವರು ಎಡವುವುದು ಇಲ್ಲೇ. ಮೊದಲನೆಯದರಲ್ಲಿ ಎಲ್ಲೋ ಒಂದು ಕಡೆ "ನಿಮಗಿಲ್ಲ" ಅನ್ನಿಸಿಕೊಂಡು ಬಂದವರು, ನಮಗೆ ಏನೂ ಸಿಗುವುದಿಲ್ಲ ಅಂತ ತೀರ್ಮಾನ ಮಾಡಿ ಮನೆಯಲ್ಲಿ ಕೂತುಬಿಡುತ್ತಾರೆ.

ಮೊದಲು ರಾಜ್ಯ ಕೇಳುವ ನೆರವು. ಮಹಾರಾಷ್ಟ್ರ ಸರ್ಕಾರದ ಸ್ಕಾಲರ್‌ಶಿಪ್‌ಗಳಲ್ಲಿ ಹೆಚ್ಚಿನವು ಮಹಾಡಿಬಿಟಿ ಅನ್ನುವ ಒಂದೇ ಪೋರ್ಟಲ್‌ನಲ್ಲಿವೆ. ಅಲ್ಲಿ ಮುಖ್ಯವಾಗಿ ಬೇಕಾದ ಕಾಗದ ಡೊಮಿಸೈಲ್. ರಾಜ್ಯದಲ್ಲಿ 15 ವರ್ಷ ವಾಸ ಇದ್ದೀರಿ ಅಂತ ತೋರಿಸಿದರೆ ತಹಸೀಲ್ದಾರ್ ಕಚೇರಿಯಿಂದ ಸಿಗುತ್ತದೆ. ಸರ್ಕಾರಿ ಕಾಗದಗಳಿಗೆ ಅರ್ಜಿ ತಗೊಳ್ಳುವ ಸೇತು ಕೇಂದ್ರದಲ್ಲಿ ಹಾಕಬಹುದು. ಇಲ್ಲೇ ಹುಟ್ಟಿ ಇಲ್ಲೇ ಶಾಲೆಗೆ ಹೋದ ಮಕ್ಕಳಿಗೆ ಇದು ಕಷ್ಟವಲ್ಲ. ಮನೆಯಲ್ಲಿ ಕನ್ನಡವೋ ತುಳುವೋ ಮಾತಾಡುತ್ತೀರಾ ಅಂತ ಯಾರೂ ಕೇಳುವುದಿಲ್ಲ.

ಜನ ಗೊಂದಲ ಮಾಡಿಕೊಳ್ಳುವುದು ಡೊಮಿಸೈಲ್ ಮತ್ತು ಜಾತಿ ಸರ್ಟಿಫಿಕೇಟ್ ಎರಡೂ ಒಂದೇ ಅಂತ. ಅಲ್ಲ. ಡೊಮಿಸೈಲ್ ನೋಡುವುದು ನಿಮ್ಮ ವಾಸವನ್ನು, ಜಾತಿ ಸರ್ಟಿಫಿಕೇಟ್ ನೋಡುವುದು ನಿಮ್ಮ ಕುಟುಂಬದ ಬೇರನ್ನು. ಮಹಾರಾಷ್ಟ್ರದಲ್ಲಿ ಜಾತಿ ಸರ್ಟಿಫಿಕೇಟ್ ಬೇಕಾದರೆ ಒಂದು ನಿಗದಿತ ತಾರೀಖಿಗೆ ನಿಮ್ಮ ಕುಟುಂಬ ಈ ರಾಜ್ಯದಲ್ಲಿ ನೆಲೆಸಿದ್ದಕ್ಕೆ ದಾಖಲೆ ಬೇಕು. ಪರಿಶಿಷ್ಟ ಜಾತಿಗೆ ಆ ತಾರೀಖು 1950ರ ಆಗಸ್ಟ್ 10, ಪರಿಶಿಷ್ಟ ಪಂಗಡಕ್ಕೆ ಅದೇ ವರ್ಷದ ಸೆಪ್ಟೆಂಬರ್ 6. ವಿಮುಕ್ತ ಜಾತಿ ಮತ್ತು ಅಲೆಮಾರಿಗಳಿಗೆ 1961ರ ನವೆಂಬರ್ 21. ಒಬಿಸಿಗೆ 1967ರ ಅಕ್ಟೋಬರ್ 13. ಜೊತೆಗೆ ನಿಮ್ಮ ಜಾತಿ ಮಹಾರಾಷ್ಟ್ರದ ಪಟ್ಟಿಯಲ್ಲೂ ಇರಬೇಕು. ಊರಿನ ಪಟ್ಟಿಯಲ್ಲಿದೆ ಅಂದರೆ ಇಲ್ಲಿ ನಡೆಯುವುದಿಲ್ಲ. ಒಂದು ರಾಜ್ಯದ ಮೀಸಲಾತಿಯನ್ನು ಇನ್ನೊಂದು ರಾಜ್ಯಕ್ಕೆ ಹೊತ್ತುಕೊಂಡು ಹೋಗಲಿಕ್ಕಾಗದು ಅಂತ ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿತು, 1994ರಲ್ಲಿ ಮಹಾರಾಷ್ಟ್ರದ್ದೇ ಒಂದು ಕೇಸಿನಲ್ಲಿ ಮತ್ತೆ ಹೇಳಿತು.

ಹಾಗಾಗಿ ಅಜ್ಜ. ಅವರು ಓದಿದ ಶಾಲೆಯ ಎಲ್‌ಸಿ, ಹಳೇ ಬಾಡಿಗೆ ರಸೀದಿ, ಗಿರಣಿಯ ಕಾರ್ಡು, ಯಾವುದೋ ಒಂದು ಹಳದಿ ಬಿದ್ದ ಕಾಗದದ ಮೇಲೆ ಮೊಮ್ಮಗಳ ಫೀಸು ನಿಂತಿರುತ್ತದೆ. ವಿಚಿತ್ರ ನೋಡಿ, 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ ಎಲ್ಲ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಆ ಕಡೆಯ ಅಜ್ಜಂದಿರು ರಾಜ್ಯ ದಾಟದೆಯೇ ಮುಂಬಯಿಗೆ ಬಂದವರು. ಮಂಗಳೂರು, ಉಡುಪಿಯವರು ಮದ್ರಾಸ್ ರಾಜ್ಯ ಬಿಟ್ಟು ಬಂದವರು.

ಈ ಹುಡುಗಿಯ ಅಜ್ಜ ಉಡುಪಿ ಕಡೆಯವರು. ಯಾವಾಗ ಬಂದರು ಅಂದರೆ ಅಮ್ಮನಿಗೆ ನೆನಪಿದ್ದದ್ದು ಇಷ್ಟೇ: "ಚಂದ್ರನ ಮೇಲೆ ಜನ ಇಳಿದ ವರ್ಷ ಅಂತ ಯಾವಾಗಲೂ ಹೇಳುತ್ತಿದ್ದರು." ಅಂದರೆ 1969. ಎರಡು ವರ್ಷ ತಡ. ಒಬಿಸಿ ಬಾಗಿಲು ಮುಚ್ಚಿತು.

ಅಷ್ಟಕ್ಕೇ ಫೋಲ್ಡರ್ ಕಟ್ಟಿಕೊಂಡು ಎದ್ದರು. ಕೂರಿ ಅಂದೆ. ಜಾತಿ ಸರ್ಟಿಫಿಕೇಟ್ ಬೇಡದ ಯೋಜನೆಯೂ ಇದೆ. ರಾಜರ್ಷಿ ಶಾಹು ಮಹಾರಾಜರ ಹೆಸರಿನ ಫೀ ಯೋಜನೆಗೆ ಡೊಮಿಸೈಲ್ ಬೇಕು, ಮನೆಯ ವರ್ಷದ ಆದಾಯ 8 ಲಕ್ಷದ ಒಳಗಿರಬೇಕು. ವೃತ್ತಿಪರ ಕೋರ್ಸಾದರೆ ಸೀಟು ಕ್ಯಾಪ್‌ನಲ್ಲೇ ಸಿಕ್ಕಿರಬೇಕು, ಮ್ಯಾನೇಜ್‌ಮೆಂಟ್ ಕೋಟಾ ನಡೆಯದು. ಒಂದು ಮನೆಯಲ್ಲಿ ಇಬ್ಬರು ಮಕ್ಕಳಿಗೆ ಮಾತ್ರ. ಖಾಸಗಿ ಕಾಲೇಜಿನ ಟ್ಯೂಷನ್ ಫೀಯಲ್ಲಿ ಅರ್ಧದಷ್ಟು ವಾಪಸ್ ಬರುತ್ತದೆ. 2024ರ ಜುಲೈನಲ್ಲಿ ಹೊರಟ ಆದೇಶದ ಪ್ರಕಾರ ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ), ಎಸ್‌ಇಬಿಸಿ (ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದ), ಒಬಿಸಿ ವರ್ಗದ ಹೆಣ್ಣುಮಕ್ಕಳಿಗೆ ವೃತ್ತಿಪರ ಕೋರ್ಸಿನ ಟ್ಯೂಷನ್ ಮತ್ತು ಪರೀಕ್ಷಾ ಶುಲ್ಕ ಪೂರ್ತಿ ಮಾಫಿ. ಅಲ್ಲಿ ಮಾತ್ರ ಒಬಿಸಿ ಕಾಗದದ ದಾರಿ ಮತ್ತೆ ಅಜ್ಜನ ಹತ್ತಿರಕ್ಕೇ ಹೋಗುತ್ತದೆ. ನಾವು ಅರ್ಧದ್ದನ್ನೇ ತುಂಬಿದೆವು.

ಇಲ್ಲಿನ ಪರಿಶಿಷ್ಟ ಜಾತಿಯ ಸರ್ಟಿಫಿಕೇಟ್ ಇದ್ದು ಸರ್ಕಾರಿ ಹಾಸ್ಟೆಲ್ ಸಿಗದವರಿಗೆ ಸ್ವಾಧಾರ್ ಯೋಜನೆ ಇದೆ. ಊಟ, ವಸತಿ, ಕೈಖರ್ಚು ಸೇರಿ ಮುಂಬಯಿ, ಪುಣೆಯಂಥ ಕಡೆ ವರ್ಷಕ್ಕೆ 60,000 ರೂಪಾಯಿ. ಇದು ದೊಡ್ಡ ಮೊತ್ತ, ಆದರೂ ಎಷ್ಟೋ ಜನರಿಗೆ ಹೆಸರೇ ಗೊತ್ತಿಲ್ಲ.

ಪಿಯುಸಿ ಮುಗಿಸಿ ಈಗಷ್ಟೇ ಕಲಬುರಗಿಯಿಂದಲೋ ಕುಂದಾಪುರದಿಂದಲೋ ಬಂದ ಹುಡುಗರ ಕಥೆ ಬೇರೆ. ಇವರು ಮಹಾಡಿಬಿಟಿಯ ಮುಂದೆ ಕೂತು ಸಮಯ ಹಾಳು ಮಾಡುವುದು ಬೇಡ. ಪರಿಶಿಷ್ಟ ಜಾತಿಯವರ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್‌ನಲ್ಲಿ ಕೇಂದ್ರದ ನಿಯಮ ಸ್ಪಷ್ಟವಾಗಿದೆ: ಎಲ್ಲಿ ಓದಿದರೂ ಹಣ ಕೊಡಬೇಕಾದದ್ದು ನೀವು ಸೇರಿದ ರಾಜ್ಯ. ಅಂದರೆ ಕರ್ನಾಟಕ, ಅಂದರೆ ಅಲ್ಲಿನ ರಾಜ್ಯ ಸ್ಕಾಲರ್‌ಶಿಪ್ ಪೋರ್ಟಲ್, ಎಸ್‌ಎಸ್‌ಪಿ. ಇಂಥ ಮಕ್ಕಳಿಗೆ ಇನ್ನೊಂದು ಮಾತು. ಊರಿನಲ್ಲಿ ಟಿಸಿ ಅನ್ನುವುದನ್ನು ಇಲ್ಲಿ ಎಲ್‌ಸಿ ಅನ್ನುತ್ತಾರೆ. ಕ್ಲರ್ಕು "ಎಲ್‌ಸಿ ಕುಠೆ ಆಹೆ?" (ಎಲ್‌ಸಿ ಎಲ್ಲಿದೆ?) ಅಂದಾಗ ಕೈಯಲ್ಲಿ ಟಿಸಿ ಹಿಡಿದುಕೊಂಡೇ ಕಂಗಾಲಾಗಿ ನಿಂತವರನ್ನು ನೋಡಿದ್ದೇನೆ.

ಊರು ಕೇಳದ ಸ್ಕಾಲರ್‌ಶಿಪ್ ಒಂದಿದೆ, ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ. ಹನ್ನೆರಡನೇ ತರಗತಿಯಲ್ಲಿ ನಿಮ್ಮ ಬೋರ್ಡಿನಲ್ಲಿ ಪಾಸಾದವರ ಪೈಕಿ ಮೇಲಿನ ಶೇ. 20ರೊಳಗೆ ಇರಬೇಕು, ಮನೆಯ ಆದಾಯ ನಾಲ್ಕೂವರೆ ಲಕ್ಷ ಮೀರಬಾರದು. ಡಿಗ್ರಿಯಲ್ಲಿ ವರ್ಷಕ್ಕೆ 12,000, ಸ್ನಾತಕೋತ್ತರದಲ್ಲಿ 20,000. ಪ್ರತಿ ವರ್ಷ ನವೀಕರಿಸಬೇಕು. ಅದಕ್ಕೆ ಶೇ. 50 ಅಂಕ, ಶೇ. 75 ಹಾಜರಿ ಬೇಕು. ಮೊದಲ ವರ್ಷ ತಗೊಂಡು ಎರಡನೇ ವರ್ಷ ನವೀಕರಿಸಲು ಮರೆತುಬಿಡುವವರೇ ಜಾಸ್ತಿ.

ಅರ್ಜಿ ಹಾಕಿದ ಮೇಲೆ ಏನಾಗುತ್ತದೆ ಅನ್ನುವುದನ್ನೂ ಹೇಳಬೇಕು, ಯಾಕೆಂದರೆ ಅರ್ಧ ಜಗಳ ಅಲ್ಲೇ. ಮಹಾಡಿಬಿಟಿ ಅರ್ಜಿ ನೇರ ಸರ್ಕಾರಕ್ಕೆ ಹೋಗುವುದಿಲ್ಲ. ಮೊದಲು ನಿಮ್ಮ ಕಾಲೇಜಿನ ಕ್ಲರ್ಕ್ ಲಾಗಿನ್‌ಗೆ, ಆಮೇಲೆ ಪ್ರಿನ್ಸಿಪಾಲರ ಲಾಗಿನ್‌ಗೆ, ಆಮೇಲೆ ಇಲಾಖೆಗೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಕಾಗದ ಮಸುಕಾಗಿದ್ದರೆ "ಸೆಂಡ್ ಬ್ಯಾಕ್" ಅಂತ ವಾಪಸ್ ಬರುತ್ತದೆ. ಅದನ್ನು ಸರಿಪಡಿಸಿ ಮತ್ತೆ ಕಳಿಸದಿದ್ದರೆ ಅರ್ಜಿ ಅಲ್ಲೇ ಸಾಯುತ್ತದೆ. ಎಸ್ಸೆಮ್ಮೆಸ್ ನಂಬಬೇಡಿ. ಹದಿನೈದು ದಿನಕ್ಕೊಮ್ಮೆ ಲಾಗಿನ್ ಆಗಿ ನೀವೇ ನೋಡಿ.

ಹಣ ಮಂಜೂರಾಗಿಯೂ ಕೈಗೆ ಬರದೇ ಇರುವುದಕ್ಕೆ ಕಾರಣ ಬಹುತೇಕ ಒಂದೇ. ಆಧಾರ್ "ಲಿಂಕ್" ಆಗಿರುವುದು ಬೇರೆ, "ಸೀಡ್" ಆಗಿರುವುದು ಬೇರೆ. ಎಷ್ಟು ಖಾತೆಗೆ ಬೇಕಾದರೂ ಆಧಾರ್ ಲಿಂಕ್ ಮಾಡಬಹುದು. ಸರ್ಕಾರದ ಹಣ ಬರುವುದು ಎನ್‌ಪಿಸಿಐ (ಬ್ಯಾಂಕುಗಳ ನಡುವೆ ಹಣ ಸಾಗಿಸುವ ಸಂಸ್ಥೆ) ಪಟ್ಟಿಯಲ್ಲಿ ಸೀಡ್ ಆದ ಒಂದೇ ಖಾತೆಗೆ. ಒಬ್ಬ ಹುಡುಗ ಒಂದು ವರ್ಷ ನನ್ನನ್ನೂ ಕಾಲೇಜನ್ನೂ ಬೈದುಕೊಂಡು ಓಡಾಡಿದ. ಕೊನೆಗೆ ನೋಡಿದರೆ ದುಡ್ಡು ಊರಿನ ಬ್ಯಾಂಕಿನಲ್ಲಿ, ಏಳನೇ ಕ್ಲಾಸಿನಲ್ಲಿ ಅಜ್ಜಿ ತೆರೆಸಿದ್ದ ಖಾತೆಯಲ್ಲಿ, ಸುಮ್ನೆ ಮಲಗಿತ್ತು. ಬ್ಯಾಂಕಿಗೆ ಹೋಗಿ "ಡಿಬಿಟಿಗೆ ಸೀಡ್ ಮಾಡಿಕೊಡಿ" ಅಂತಲೇ ಕೇಳಿ (ಡಿಬಿಟಿ ಅಂದರೆ ಸರ್ಕಾರದ ಹಣ ನೇರ ಖಾತೆಗೆ ಬರುವುದು). ಲಿಂಕ್ ಮಾಡಿ ಅಂದರೆ ಲಿಂಕ್ ಮಾತ್ರ ಮಾಡುತ್ತಾರೆ.

ಸಾಲದ ವಿಷಯ ಚಿಕ್ಕದಾಗಿ. 2024ರ ನವೆಂಬರ್‌ನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಒಳ್ಳೆ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನ, ಜಾಮೀನುದಾರ ಎರಡೂ ಇಲ್ಲದೆ ಸಾಲ ಸಿಗುತ್ತದೆ. ಆದಾಯ 8 ಲಕ್ಷದೊಳಗಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಬಡ್ಡಿಯಲ್ಲಿ ಶೇ. 3 ರಿಯಾಯಿತಿ. ನಿಮ್ಮ ಕಾಲೇಜು ಪಟ್ಟಿಯಲ್ಲಿದೆಯಾ ಅಂತ ಮೊದಲು ನೋಡಿ. ಅದಾದಮೇಲೆ ಬ್ಯಾಂಕಿಗೆ ಹೋಗಿ.

ಇನ್ನು ನಮ್ಮವರದ್ದು. ಮುಂಬಯಿ ಕನ್ನಡಿಗರ ಓದಿನ ಚರಿತ್ರೆ ಅಂದರೆ ಹೋಟೆಲ್ ಹುಡುಗರ ಚರಿತ್ರೆ. ಹಗಲು ಪ್ಲೇಟು ಎತ್ತಿ, ಸಂಜೆ ಫೋರ್ಟಿನ ಕಡೆ ಕನ್ನಡ ರಾತ್ರಿ ಶಾಲೆಗೆ ಓಡಿ, ಆಮೇಲೆ ಬೆಂಚಿನ ಮೇಲೇ ಮಲಗಿದವರು ವಕೀಲರಾದರು, ಆಡಿಟರಾದರು. 1946ರಲ್ಲಿ ಡಾ. ಅಂಬೇಡ್ಕರ್ ಅವರ ಸಂಸ್ಥೆ ಶುರು ಮಾಡಿದ ಸಿದ್ಧಾರ್ಥ ಕಾಲೇಜಿನಲ್ಲಿ ಬೆಳಗ್ಗೆಯೇ ತರಗತಿ ನಡೆಯುತ್ತಿದ್ದವು, ದುಡಿಯುವವರೂ ಓದಲಿ ಅಂತ. ಆ ಕಾಲದ ನೆನಪಿರುವುದಕ್ಕೋ ಏನೋ, ನಮ್ಮ ಸಂಘಗಳು ಓದುವ ಮಕ್ಕಳಿಗೆ ಇವತ್ತಿಗೂ ಕೈಬಿಚ್ಚಿ ಕೊಡುತ್ತವೆ. ಬಂಟರ ಸಂಘ, ಬಿಲ್ಲವರ ಅಸೋಸಿಯೇಷನ್, ಮೊಗವೀರ ವ್ಯವಸ್ಥಾಪಕ ಮಂಡಳಿ, ದೇವಾಡಿಗ ಸಂಘ, ಇನ್ನೂ ಎಷ್ಟೋ ಸಮಾಜದ ಸಂಘಗಳಿವೆ. ಹೆಚ್ಚಿನವು ಸದಸ್ಯರ ಮಕ್ಕಳಿಗೆ. ಅಪ್ಪ ಸದಸ್ಯರಾ ಅಂತ ಮೊದಲು ಕೇಳಿಕೊಳ್ಳಿ. ಮೊತ್ತ ದೊಡ್ಡದಲ್ಲ. ನಿಜವಾದ ಲಾಭ ಬೇರೆಯೇ ಇದೆ. ಅಲ್ಲಿ ಕೂತ ಒಬ್ಬರು ಸಿಎಗೆ, ಒಬ್ಬರು ಡಾಕ್ಟರಿಗೆ ಫೋನ್ ಮಾಡಿ "ನಮ್ಮ ಹುಡುಗ ಒಬ್ಬ ಬರುತ್ತಾನೆ ಮಾರಾಯ್ರೆ" ಅಂದರೆ ಆಗುವ ಕೆಲಸವನ್ನು ಯಾವ ಪೋರ್ಟಲ್ಲೂ ಮಾಡುವುದಿಲ್ಲ. ಇದು ಸಮಾಜದ ಹೊರಗಿನ ಮಕ್ಕಳಿಗೆ ಸಿಗುವುದಿಲ್ಲ ಅನ್ನುವುದು ನನ್ನ ಹಳೇ ತಕರಾರು. ಆ ಜಗಳ ಇನ್ನೊಂದು ದಿನ ಆಡೋಣ.

ರೈಲಿನ ಪಾಸು ಎಲ್ಲರಿಗೂ ಗೊತ್ತಿರುವ ನೆರವು, ಪೂರ್ತಿ ಗೊತ್ತಿಲ್ಲದ್ದೂ ಹೌದು. ಕಾಲೇಜು ಆಫೀಸಿನಲ್ಲಿ ಕನ್ಸೆಷನ್ ಫಾರಂ ಮಾಡಿಸಿಕೊಂಡು ಸ್ಟೇಷನ್ ಕೌಂಟರಿನಲ್ಲಿ ಕೊಟ್ಟರೆ ಸೀಸನ್ ಟಿಕೆಟ್ ಅರ್ಧ ದರಕ್ಕೆ. ಸಾಮಾನ್ಯ ವರ್ಗಕ್ಕೆ 25 ವರ್ಷದವರೆಗೆ, ಪರಿಶಿಷ್ಟರಿಗೆ 27ರವರೆಗೆ. ಹೆಣ್ಣುಮಕ್ಕಳಿಗೆ ಪದವಿ ಮುಗಿಯುವ ತನಕ ಸೆಕೆಂಡ್ ಕ್ಲಾಸ್ ಪಾಸು ಪೂರ್ತಿ ಉಚಿತ ಅನ್ನುವುದು ರೈಲ್ವೆಯ ನಿಯಮ. ಗಂಡುಮಕ್ಕಳಿಗೆ ಹನ್ನೆರಡನೆಯ ತರಗತಿವರೆಗೆ. ಕಾಲೇಜಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ, ಕೇಳಬೇಕು. ಡೊಂಬಿವಲಿಯ ಹುಡುಗಿಗೆ ಹೇಳಿದಾಗ ಅವಳ ಅಮ್ಮನಿಗೆ ಸ್ಕಾಲರ್‌ಶಿಪ್‌ಗಿಂತ ಜಾಸ್ತಿ ಖುಷಿ ಆದದ್ದು ಇದಕ್ಕೇ.

ಈಗ ಕಾಲೇಜಿನ ಒಳಗೆ. ಇಲ್ಲಿರುವುದನ್ನು ನೆರವು ಅನ್ನುವುದಕ್ಕಿಂತ ಹಕ್ಕು ಅನ್ನಬೇಕು. ನನ್ನ ಅಣ್ಣನ ಮಗ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಐಟಿಗೆ ಫೀ ಕಟ್ಟಿದ್ದ. ಹತ್ತು ದಿನದಲ್ಲಿ ಬೇರೆ ಕಡೆ ಅವನಿಗೆ ಬೇಕಾದ ಕೋರ್ಸೇ ಸಿಕ್ಕಿತು. ಫೀ ವಾಪಸ್ ಕೇಳಿದರೆ "ಕಟ್ಟಿದ್ದು ಕಟ್ಟಿದ್ದೇ" ಅಂದರು, ಒರಿಜಿನಲ್ ಮಾರ್ಕ್ಸ್ ಕಾರ್ಡೂ ಅವರ ಹತ್ತಿರವೇ. ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಕೇಂದ್ರದ ಆಯೋಗ ಯುಜಿಸಿ 2018ರಲ್ಲೇ ಇದಕ್ಕೆ ಲೆಕ್ಕ ಹಾಕಿಟ್ಟಿದೆ. ಪ್ರವೇಶದ ಕೊನೇ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಪೂರ್ತಿ ಫೀ, ಅದರಲ್ಲಿ ಮುರಿದುಕೊಳ್ಳಬಹುದಾದದ್ದು ಶೇ. 5, ಅದೂ 5,000 ಮೀರದಂತೆ. ಕೊನೇ ದಿನ 15 ದಿನಕ್ಕಿಂತ ಹತ್ತಿರ ಬಂದಾಗ ಬಿಟ್ಟರೆ ಶೇ. 90. ಕೊನೇ ದಿನ ದಾಟಿ 15 ದಿನದೊಳಗೆ ಶೇ. 80, 30 ದಿನದೊಳಗೆ ಶೇ. 50, ಆಮೇಲೆ ಏನೂ ಇಲ್ಲ. ಒರಿಜಿನಲ್ ಕಾಗದಗಳನ್ನು ನೋಡಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವ ಹಾಗಿಲ್ಲ.

ಬಾಯಲ್ಲಿ ಹೇಳಿದಾಗ ಅವರು ಕೇಳಲಿಲ್ಲ. ಎರಡು ಪ್ರತಿ ಅರ್ಜಿ ಬರೆದು ಹೋದೆವು. ಒಂದು ಅವರಿಗೆ, ಇನ್ನೊಂದರ ಮೇಲೆ ಇನ್‌ವರ್ಡ್ ನಂಬರು, ತಾರೀಖು, ಠಸ್ಸೆ ಹಾಕಿಸಿಕೊಂಡೆವು. ಮುಂಬಯಿಯ ಆಫೀಸುಗಳಲ್ಲಿ ಆ ನೀಲಿ ಠಸ್ಸೆಗೆ ಇರುವ ಬೆಲೆ ನಿಮ್ಮ ಕಣ್ಣೀರಿಗೆ ಇಲ್ಲ. ಅದು ಬಿದ್ದ ಮೇಲೆ ನಿಮ್ಮ ದೂರು ಇಲ್ಲ ಅನ್ನಲಿಕ್ಕೆ ಯಾರಿಗೂ ಆಗುವುದಿಲ್ಲ. 2023ರ ಯುಜಿಸಿ ನಿಯಮದಂತೆ ಪ್ರತಿ ಕಾಲೇಜಿನಲ್ಲೂ ವಿದ್ಯಾರ್ಥಿಗಳ ದೂರು ಕೇಳುವ ಸಮಿತಿ ಇರಬೇಕು, ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ದೂರು ವಿಚಾರಿಸುವ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ನಮ್ಮ ವಿಷಯದಲ್ಲಿ ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಠಸ್ಸೆ ಬಿದ್ದ ಎಂಟನೇ ದಿನ ಕಾಲೇಜಿನಿಂದಲೇ ಫೋನ್ ಬಂತು.

ರ‍್ಯಾಗಿಂಗ್ ಆದರೆ 1800-180-5522, ಹಗಲು ರಾತ್ರಿ. ಹೆಸರು ಹೇಳದೆಯೂ ದೂರು ಕೊಡಬಹುದು. ಹಿಮಾಚಲದ ಮೆಡಿಕಲ್ ಕಾಲೇಜೊಂದರಲ್ಲಿ ಹುಡುಗನೊಬ್ಬ ರ‍್ಯಾಗಿಂಗ್‌ಗೆ ಬಲಿಯಾದ ಮೇಲೆ 2009ರಲ್ಲಿ ಬಂದ ವ್ಯವಸ್ಥೆ ಇದು. ಲೈಂಗಿಕ ಕಿರುಕುಳಕ್ಕೆ ಪ್ರತಿ ಕಾಲೇಜಿನಲ್ಲೂ ಆಂತರಿಕ ದೂರು ಸಮಿತಿ ಇರಲೇಬೇಕು. ಘಟನೆಯಾದ ಮೂರು ತಿಂಗಳೊಳಗೆ ಬರೆದುಕೊಡಬೇಕು, 90 ದಿನದಲ್ಲಿ ವಿಚಾರಣೆ ಮುಗಿಯಬೇಕು. ಬರೆಯಲು ಕಷ್ಟವಾದರೆ ಬರೆದುಕೊಳ್ಳಲು ನೆರವಾಗುವುದೂ ಸಮಿತಿಯದ್ದೇ ಕೆಲಸ.

ಕಲಿಕೆಯ ತೊಂದರೆ, ಕಣ್ಣಿನ ತೊಂದರೆ ಇರುವ ಮಕ್ಕಳ ಬಗ್ಗೆ ನಮ್ಮ ಮನೆಗಳಲ್ಲಿ ಈಗಲೂ ಪಿಸುಮಾತು. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚಿನ ಸಮಯ, ಬೇಕಾದರೆ ಬರೆದುಕೊಡುವವರು, ಇವೆಲ್ಲ ಸಿಗುತ್ತವೆ. ಅದಕ್ಕೆ ಸರ್ಟಿಫಿಕೇಟ್ ಬೇಕು. ಸಯನ್ ಆಸ್ಪತ್ರೆಯಲ್ಲಿ ಕಲಿಕಾ ತೊಂದರೆಯ ಕ್ಲಿನಿಕ್ ಇದೆ. ಪರೀಕ್ಷೆ ಹತ್ತಿರ ಬಂದಾಗ ಅಲ್ಲ, ಜೂನ್‌ನಲ್ಲೇ ಹೋಗಿ. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ 2003ರಿಂದ ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಒಂದು ಕೇಂದ್ರ ನಡೆಯುತ್ತಿದೆ.

ಇನ್ನೊಂದನ್ನು ನಾನು ಪೋರ್ಟಲ್‌ಗಳಿಗಿಂತ ಮುಖ್ಯ ಅಂದುಕೊಂಡಿದ್ದೇನೆ. ಎರಡು ವರ್ಷದ ಹಿಂದೆ ಒಬ್ಬ ಹುಡುಗ ಬೋನಾಫೈಡ್ ಸರ್ಟಿಫಿಕೇಟಿನ ನೆಪದಲ್ಲಿ ಬಂದ. ಎಲ್ಲರೂ ಹೋದರೂ ಎದ್ದು ಹೋಗಲಿಲ್ಲ. ಫ್ಯಾನಿನ ಸ್ವಿಚ್ ಹಾಕುತ್ತಾ ತೆಗೆಯುತ್ತಾ ಇದ್ದ. ಮೂರು ವಿಷಯದಲ್ಲಿ ಎಟಿಕೆಟಿ (ಫೇಲಾಗಿ ಮತ್ತೆ ಬರೆಯಬೇಕಾದದ್ದು), ಮನೆಯಲ್ಲಿ ಹೇಳಿಲ್ಲ, ಒಂದು ತಿಂಗಳಿಂದ ಕಾಲೇಜಿಗೆ ಅಂತ ಹೊರಟು ಸಿಎಸ್‌ಟಿವರೆಗೆ ಹೋಗಿ ಅದೇ ರೈಲಿನಲ್ಲಿ ವಾಪಸ್ ಬರುತ್ತಿದ್ದಾನೆ. "ಕಾಲೇಜಿನಲ್ಲಿ ಕೌನ್ಸೆಲರ್ ಇದ್ದಾರಲ್ಲ?" ಅಂದೆ. "ಇದ್ದಾರೆ ಅಂಕಲ್. ಅವರ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡಬೇಕು. ನನಗೆ ಇದು ಇಂಗ್ಲಿಷಿನಲ್ಲಿ ಹೇಳಲಿಕ್ಕೆ ಬರುವುದಿಲ್ಲ" ಅಂದ.

ಅವತ್ತು ಅಲ್ಲಿಂದಲೇ 14416ಕ್ಕೆ ಫೋನ್ ಮಾಡಿದೆವು. ಟೆಲಿ ಮನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಉಚಿತ ಸೇವೆ. ಅದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಯಾವ ಹೊತ್ತಿಗೂ ಮಾತಾಡಬಹುದು, ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ನಾನು ಹೊರಗೆ ಹೋಗಿ ಚಹಾ ಕುಡಿದು ಬಂದೆ. ನಲವತ್ತು ನಿಮಿಷ ಆಯಿತು. ಆಮೇಲೆ ಪರೇಲಿನ ಕೆಇಎಂ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋದ. ಮಹಾನಗರಪಾಲಿಕೆಯ ಕೆಇಎಂ, ಸಯನ್, ನಾಯರ್ ಮೂರರಲ್ಲೂ ಈ ಒಪಿಡಿ ಇದೆ. ಕೇಸ್ ಪೇಪರ್ ಮಾಡಿಸಿ ಸಾಲಿನಲ್ಲಿ ಕೂತರಾಯಿತು, ಚಿಲ್ಲರೆ ಖರ್ಚು.

ಹುಡುಗರಿಗೂ ಅವರ ಅಪ್ಪ ಅಮ್ಮಂದಿರಿಗೂ ಇರುವ ಹೆದರಿಕೆ ಒಂದೇ: ರೆಕಾರ್ಡ್ ಆಗುತ್ತಾ, ನಾಳೆ ಕೆಲಸಕ್ಕೆ ಅಡ್ಡ ಬರುತ್ತಾ? ಚಿಕಿತ್ಸೆಯ ವಿಷಯವನ್ನು ಗುಟ್ಟಾಗಿ ಇಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಜೀವಕ್ಕೆ ಅಪಾಯ ಇದ್ದಂಥ ಕೆಲವು ಸಂದರ್ಭ ಬಿಟ್ಟರೆ ಕಾಲೇಜಿಗೆ ಚೀಟಿ ಹೋಗುವುದಿಲ್ಲ. ನೂರು ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯಲ್ಲೂ ಕನಿಷ್ಠ ಒಬ್ಬ ತರಬೇತಾದ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಬೇಕು ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ನಿಮ್ಮ ಕಾಲೇಜಿನಲ್ಲಿ ಆ ಕೋಣೆ ಎಲ್ಲಿದೆ ಅಂತ ಅಡ್ಮಿಷನ್ ದಿನವೇ ನೋಡಿಟ್ಟುಕೊಳ್ಳಿ. ಜಿಮ್‌ಖಾನಾದ ಹಿಂದೆಯೋ, ಝೆರಾಕ್ಸ್ ಅಂಗಡಿಯ ಪಕ್ಕದಲ್ಲೋ ಇರುತ್ತದೆ, ಬೋರ್ಡು ಚಿಕ್ಕದು.

ಆ ಹುಡುಗ ಎರಡು ಎಟಿಕೆಟಿ ಬಿಡಿಸಿಕೊಂಡಿದ್ದಾನೆ, ಒಂದು ಬಾಕಿ ಇದೆ.

ಬಿ.ಫಾರ್ಮ್ ಹುಡುಗಿಯ ಅರ್ಜಿ ಅಕ್ಟೋಬರ್‌ನಲ್ಲಿ ಸೆಂಡ್ ಬ್ಯಾಕ್ ಆಯಿತು. ರೇಷನ್ ಕಾರ್ಡಿನ ಫೋಟೋ ಮಸುಕು. ಬಿಸಿಲಿಗೆ ಹಿಡಿದು ಮತ್ತೆ ಸ್ಕ್ಯಾನ್ ಮಾಡಿ ಹಾಕಿದೆವು. ಹೋದ ವಾರ ಅವಳ ಅಮ್ಮ ಫೋನ್ ಮಾಡಿದ್ದರು. ಕಾಲೇಜಿನ ಲಾಗಿನ್ ದಾಟಿದೆಯಂತೆ. ದೀಪಾವಳಿಗೆ ಅಟ್ಟ ಗುಡಿಸುವಾಗ ಮಾವನ ಟ್ರಂಕಿನಲ್ಲಿ ಒಂದು ಚೀಟಿಯೂ ಸಿಕ್ಕಿದೆಯಂತೆ. ಫೋರ್ಟಿನ ರಾತ್ರಿ ಶಾಲೆಯದ್ದು, ಎಂಟನೇ ಕ್ಲಾಸಿಗೆ ಸೇರಿದ್ದಕ್ಕೆ ಕೊಟ್ಟ ರಸೀದಿ.

"ಅಣ್ಣ, ಚಂದ್ರನ ಲೆಕ್ಕ ತಪ್ಪು. ಇದರಲ್ಲಿ 1966 ಅಂತ ಇದೆ."

ಒರಿಜಿನಲ್ಲೇ ತನ್ನಿ ಅಂದಿದ್ದೇನೆ. ಭಾನುವಾರ ಬರುತ್ತಾರೆ.